ಎರಡನೆಯ ಗಿಳಿ

ಮನೆಯಲ್ಲಿ ಒಂದು ಗಿಳಿಯನ್ನು ಸಾಕಿದವರಿಗೆ ಇಂದಲ್ಲ ನಾಳೆ ಎರಡನೆಯದರ ಯೋಚನೆ ಬಂದೇ ಬರುತ್ತದೆ. ಮನೆಮಂದಿಯೆಲ್ಲ ಕಚೇರಿಗೋ ಶಾಲೆಗೋ ಹೊರಟುಹೋದ ಮೇಲೆ ಹಕ್ಕಿ ದಿನವಿಡೀ ಗೋಡೆ ನೋಡುತ್ತ ಕೂತಿರುತ್ತದಲ್ಲ ಎಂಬ ಕನಿಕರ ಮೊದಲು ಮೂಡುತ್ತದೆ. ಅನಂತರ ವಿಚಾರಣೆ ಶುರುವಾಗುತ್ತದೆ. ಅದೇ ಜಾತಿಯದೋ ಬೇರೆಯದೋ, ಗಂಡೋ ಹೆಣ್ಣೋ, ಮರಿಯೋ ಬಲಿತದ್ದೋ, ಒಂದೇ ಪಂಜರವೋ ಎರಡೋ? ಈ ಪ್ರಶ್ನೆಗಳು ಮಹಾನಗರದ ಫ್ಲ್ಯಾಟುಗಳಲ್ಲಿ ಈಚೆಗೆ ಹುಟ್ಟಿದವೆಂದು ಭಾವಿಸಬೇಕಾಗಿಲ್ಲ. ಸಂಸ್ಕೃತದಲ್ಲೂ ಪಾರಸಿಯಲ್ಲೂ ಇವಕ್ಕೆ ಹಳೆಯ ಬೇರುಗಳಿವೆ. ಈ ಚರಿತ್ರೆಯನ್ನು ಓದುತ್ತ ಹೋದಂತೆ ನನಗೆ ಒಂದು ಸಂಗತಿ ಎದ್ದು ಕಂಡಿತು. ಎರಡನೆಯ ಹಕ್ಕಿಯನ್ನು ಮನುಷ್ಯರು ಯಾಕೆ ತಂದರು, ಹೇಗೆ ಆರಿಸಿದರು ಎಂಬುದು ಧಾರಾಳವಾಗಿ ದಾಖಲಾಗಿದೆ. ಮೊದಲನೆಯ ಹಕ್ಕಿ ಆ ಆಯ್ಕೆಯನ್ನು ಒಪ್ಪಿತೇ ಎಂಬುದು ದಾಖಲಾಗಿರುವುದು ಬಹಳ ಅಪರೂಪ. ಹಾಗೆ ದಾಖಲಾದ ಕಡೆಗಳಲ್ಲೆಲ್ಲ ಹಕ್ಕಿಯ ಮಾತೇ ಕೊನೆಗೆ ನಿಂತಿದೆ.

ನಮ್ಮ ಪ್ರಾಚೀನರು ಗಿಳಿಗೆ ಜೊತೆಯಾಗಿ ಇನ್ನೊಂದು ಗಿಳಿಯನ್ನು ಆರಿಸುತ್ತಿರಲಿಲ್ಲ, ಸಾರಿಕೆಯನ್ನು ಆರಿಸುತ್ತಿದ್ದರು. ಸಾರಿಕೆಯೆಂದರೆ ಮೈನಾ, ನಮ್ಮ ಗೊರವಂಕದ ಬಳಗದ ಹಕ್ಕಿ. ವಾತ್ಸ್ಯಾಯನ ತನ್ನ 64 ಕಲೆಗಳ ಪಟ್ಟಿಯಲ್ಲಿ ಶುಕಸಾರಿಕೆಗಳಿಗೆ ಮಾತು ಕಲಿಸುವುದನ್ನೂ ಸೇರಿಸಿದ್ದಾನೆ. ಸಮಾಸದಲ್ಲಿ ಇವೆರಡೂ ಹೀಗೆ ಕೂಡಿಯೇ ಬರುತ್ತವೆ. ಪ್ರಾಣಿಶಾಸ್ತ್ರದ ಪ್ರಕಾರ ಗಿಳಿಗೂ ಮೈನಾಕ್ಕೂ ನಂಟು ಬಹು ದೂರದ್ದು. ಒಂದು ಕಾಳು ಕಡಿದು ಹಣ್ಣು ಸಿಪ್ಪೆ ಸುಲಿದು ತಿನ್ನುವ ಕೊಕ್ಕಿನದು, ಇನ್ನೊಂದು ಹಣ್ಣಿನ ಜೊತೆಗೆ ಹುಳುಹುಪ್ಪಟೆಯನ್ನೂ ಹೆಕ್ಕುವಂಥದು. ಅವೆರಡನ್ನು ಒಂದೇ ತೊಲೆಗೆ ತೂಗುಹಾಕಿದ್ದು ಮನುಷ್ಯನ ಕಿವಿ. ಎರಡೂ ಮಾತಾಡಬಲ್ಲವು, ಆದ್ದರಿಂದ ಎರಡೂ ಜೋಡಿ.

ಈ ಏರ್ಪಾಡನ್ನು ಕುರಿತು ಮೊದಲು ನಕ್ಕವನು, ನನಗೆ ತೋರುವಂತೆ, ಬಾಣಭಟ್ಟನೇ. ನಾಗವರ್ಮನ ಮೂಲಕ ಕನ್ನಡಿಗರಿಗೆ ಹತ್ತನೆಯ ಶತಮಾನದ ಕೊನೆಯಿಂದಲೂ ಪರಿಚಿತವಾಗಿರುವ ಕಾದಂಬರಿಯ ಕಥೆಯನ್ನು ನೆನೆದರೆ ವೈಶಂಪಾಯನನೆಂಬ ಗಿಳಿ ಎಲ್ಲರಿಗೂ ಮೊದಲು ಹೊಳೆಯುತ್ತದೆ. ಬಾಣನ ಮೂಲದಲ್ಲಿ ಇನ್ನೊಂದು ಗಿಳಿಯಿದೆ. ಅದರ ಹೆಸರು ಪರಿಹಾಸ. ರಾಜಕುಮಾರಿ ಕಾದಂಬರಿ ಕಾಲಿಂದಿಯೆಂಬ ತನ್ನ ಸಾರಿಕೆಯನ್ನು ತಾನೇ ಮುಂದೆ ನಿಂತು ಪರಿಹಾಸನಿಗೆ ಮದುವೆ ಮಾಡಿಕೊಟ್ಟಿದ್ದಾಳೆ. ಚಂದ್ರಾಪೀಡನು ಅಲ್ಲಿಗೆ ಬಂದಾಗ ಕಾಲಿಂದಿ ಮುನಿಸಿಕೊಂಡು ಕೂತಿದೆ. ಪರಿಹಾಸನು ಏಕಾಂತದಲ್ಲಿ ತಮಾಲಿಕೆಯೆಂಬ ಸೇವಕಿಯ ಕಿವಿಯಲ್ಲಿ ಏನೋ ಪಿಸುಗುಟ್ಟುತ್ತಿದ್ದುದನ್ನು ಅದು ಕಂಡಿದೆ. ಗಂಡನನ್ನು ನೋಡದು, ಮಾತಾಡಿಸದು, ಹತ್ತಿರ ಸುಳಿಯಲೂ ಬಿಡದು. ಸಖಿಯರೆಲ್ಲ ಸಮಾಧಾನ ಹೇಳಿ ಸೋತಿದ್ದಾರೆ. ಚಂದ್ರಾಪೀಡ ಇದನ್ನು ಹಿಡಿದು ವಿನೋದವಾಡುತ್ತಾನೆ, ಅಂತಃಪುರ ನಗುತ್ತದೆ. ಕಥೆಯ ದೃಷ್ಟಿಯಿಂದ ಅದು ನಾಯಕ ನಾಯಿಕೆಯರ ನಡುವಿನ ಸಂಕೋಚ ಕಳೆಯುವ ಉಪಾಯ. ಗಿಳಿ ಸಾಕಿದವರ ಕಣ್ಣಿನಿಂದ ಓದಿದರೆ ಬೇರೊಂದು ವಿಷಯ ಕಾಣುತ್ತದೆ. ಸಾಕಿದ ಗಿಳಿ ತನ್ನ ಪಾಲಿಗೆ ಬಂದ ಹಕ್ಕಿಯನ್ನು ಬಿಟ್ಟು, ತಾನು ದಿನವೂ ಕಾಣುವ ಹೆಂಗಸಿನ ಕಿವಿಗೆ ಕೊಕ್ಕು ಹಚ್ಚುವುದನ್ನು ಬಾಣನೋ ಅವನಿಗೆ ಗೊತ್ತಿದ್ದ ಯಾರೋ ಕಣ್ಣಾರೆ ಕಂಡಿರಲೇಬೇಕು. ಎಳೆಯಂದಿನಿಂದ ಮನುಷ್ಯರ ಕೈಯಲ್ಲೇ ಬೆಳೆದ ಗಿಳಿ ಮನುಷ್ಯರನ್ನೇ ಸಂಗಾತಿಯೆಂದು ಎಣಿಸುವುದು ಇಂದು ಪಶುವೈದ್ಯರೆಲ್ಲ ಬಲ್ಲ ಸಂಗತಿ. ಏಳನೆಯ ಶತಮಾನದ ಕವಿ ಅದನ್ನು ದಾಂಪತ್ಯದ ಜಗಳವಾಗಿ ಬರೆದಿಟ್ಟ.

ತೂತೀನಾಮಾದಲ್ಲಿ ಎರಡನೆಯ ಹಕ್ಕಿಯ ಗತಿ ಇಷ್ಟು ಹಗುರವಾದದ್ದಲ್ಲ. ಬದಾಯೂಂ ಪಟ್ಟಣದಲ್ಲಿದ್ದ ಜಿಯಾವುದ್ದೀನ್ ನಖ್ಶಬಿ 1330ರಲ್ಲಿ ಸಂಸ್ಕೃತದ ಶುಕಸಪ್ತತಿಯ ಜಾಡಿನಲ್ಲಿ ಪಾರಸಿಯಲ್ಲಿ ಬರೆದ ಕೃತಿ ಇದು. ಅಕ್ಬರ್ ಪಟ್ಟಕ್ಕೆ ಬಂದ ಮೊದಲ ವರ್ಷಗಳಲ್ಲೇ ಚಿತ್ರಕಾರರನ್ನು ಕೂಡಿಸಿ ಇದರ ಸಚಿತ್ರ ಪ್ರತಿ ಮಾಡಿಸಿದ. ಅದರ ಬಹುಭಾಗ ಇಂದು ಅಮೆರಿಕದ ಕ್ಲೀವ್‌ಲ್ಯಾಂಡ್ ಕಲಾ ಸಂಗ್ರಹಾಲಯದಲ್ಲಿದೆ. ಮೈಮೂನ್ ಎಂಬ ವರ್ತಕ ದುಬಾರಿ ಬೆಲೆ ತೆತ್ತು ಒಂದು ಜಾಣ ಗಿಳಿಯನ್ನು ಕೊಳ್ಳುತ್ತಾನೆ. ಅದಕ್ಕೆ ಜೊತೆಯಿರಲೆಂದು ಒಂದು ಮೈನಾವನ್ನೂ ತರುತ್ತಾನೆ. ಅವನು ವ್ಯಾಪಾರಕ್ಕೆ ಹೊರಟುಹೋದ ಮೇಲೆ ಹೆಂಡತಿ ಖುಜಸ್ತಾ ಬೇರೊಬ್ಬನಲ್ಲಿ ಮನಸ್ಸಿಡುತ್ತಾಳೆ. ಮೈನಾ ನೇರವಾಗಿ ಬುದ್ಧಿ ಹೇಳಿ ಪ್ರಾಣ ಕಳೆದುಕೊಳ್ಳುತ್ತದೆ. ಅದನ್ನು ಕಂಡ ಗಿಳಿ ಜಾಣತನದಿಂದ ರಾತ್ರಿಗೊಂದು ಕಥೆ ಹೇಳುತ್ತ 52 ರಾತ್ರಿಗಳನ್ನು ನೂಕುತ್ತದೆ. ಜೊತೆಗೆಂದು ಬಂದ ಹಕ್ಕಿಯ ಕೆಲಸ ಮೊದಲನೆಯದಕ್ಕೆ ಪಾಠವಾಗಿ ಸಾಯುವುದಷ್ಟೇ ಆಯಿತು. ಮೈನಾ ಸತ್ತದ್ದಕ್ಕೆ ಗಿಳಿ ದುಃಖಿಸಿತೇ ಎಂಬುದರ ಕಡೆಗೆ ಕಥೆಗಾರ ಹೆಚ್ಚು ಗಮನ ಕೊಡುವುದಿಲ್ಲ. ಅವನ ಲಕ್ಷ್ಯವೆಲ್ಲ ಮನೆಯೊಡತಿಯ ಮೇಲಿದೆ.

ಗಿಳಿಶಾಸ್ತ್ರದವನ ಮುಂದೆ ಕೂತವರು ತಮ್ಮ ಮಗಳ ಮದುವೆ ಯಾವಾಗ ಎಂಬುದನ್ನು ಆರಿಸಿಕೊಡುವ ಅಧಿಕಾರವನ್ನು ಪಂಜರದ ಹಕ್ಕಿಗೆ ಸಂಕೋಚವಿಲ್ಲದೆ ಒಪ್ಪಿಸುತ್ತಾರೆ. ಆ ಹಕ್ಕಿಯ ಜೊತೆಯನ್ನು ಆರಿಸುವಾಗ ಮಾತ್ರ ಅದನ್ನು ಯಾರೂ ಕೇಳುವುದಿಲ್ಲ.

ಕೇಳಿದರೆ ಏನಾಗುತ್ತದೆ? ಈ ಪ್ರಶ್ನೆಗೆ ಉತ್ತರ ಸಿಗುವುದು ಕಥೆಗಳಲ್ಲಿ ಅಲ್ಲ. ನನಗೆ ತಿಳಿದ ಅತ್ಯಂತ ವಿವರವಾದ ಉತ್ತರ ಬ್ರೆಜಿಲ್ ದೇಶದ ಈಶಾನ್ಯ ಭಾಗದ ಒಂದು ಒಣನಾಡಿನಿಂದ ಬಂದಿದೆ.

ಬವೇರಿಯಾದ ದೊರೆ ಕಳುಹಿಸಿದ ಯೊಹಾನ್ ಬ್ಯಾಪ್ಟಿಸ್ಟ್ ಫಾನ್ ಸ್ಪಿಕ್ಸ್ ಎಂಬ ಪ್ರಾಣಿಶಾಸ್ತ್ರಜ್ಞ 1819ರಲ್ಲಿ ಬಾಯಿಯಾ ಪ್ರಾಂತದ ಜುವಾಜೇರೊ ಎಂಬಲ್ಲಿ, ಸಾಂ ಫ್ರಾನ್ಸಿಸ್ಕೊ ನದಿಯ ಬಳಿ, ಬೂದುಬಣ್ಣ ಬೆರೆತ ನೀಲಿಯ ಒಂದು ಮಕಾವ್ ಗಿಳಿಯನ್ನು ಹೊಡೆದು ಸಂಗ್ರಹಿಸಿದ. ಆ ಜಾತಿಗೆ ಆಮೇಲೆ ಅವನದೇ ಹೆಸರು ಬಂತು. ಕಾಟಿಂಗಾ ಎಂದು ಕರೆಯುವ ಅಲ್ಲಿನ ಕಾಡು ನಮ್ಮ ರಾಯಚೂರು ಬಳ್ಳಾರಿಗಳ ಕಡೆಯ ಮುಳ್ಳುಕುರುಚಲನ್ನು ನೆನಪಿಸುವಂಥದು. ಮಳೆಗಾಲದಲ್ಲಿ ಮಾತ್ರ ಹರಿಯುವ ಹಳ್ಳಗಳ ದಂಡೆಗಳಲ್ಲಿ ಕರೈಬೇರಾ ಎಂಬ ಎತ್ತರದ ಮರಗಳಿರುತ್ತವೆ. ಸ್ಪಿಕ್ಸ್ ಮಕಾವ್ ಗೂಡು ಮಾಡುವುದು ಅವುಗಳ ಪೊಟರೆಗಳಲ್ಲಿ. ದನಕರುಗಳು ಮೇಯ್ದು ಎಳೆಯ ಗಿಡಗಳು ಏಳದಂತಾದವು, ಮರಗಳು ಕಡಿಮೆಯಾದವು, ಅಷ್ಟರಲ್ಲಿ ಹಕ್ಕಿಹಿಡುಕರೂ ಬಂದರು. ಬ್ರೆಜಿಲ್ ತನ್ನ ಕಾಡುಪ್ರಾಣಿಗಳ ವ್ಯಾಪಾರವನ್ನು 1967ರಲ್ಲೇ ನಿಷೇಧಿಸಿತ್ತು. ಹಕ್ಕಿ ವಿರಳವಾದಷ್ಟೂ ಕಳ್ಳಪೇಟೆಯಲ್ಲಿ ಬೆಲೆ ಏರಿತೇ ಹೊರತು ನಿಷೇಧದಿಂದ ಹಿಡಿಯುವುದು ನಿಲ್ಲಲಿಲ್ಲ. 1980ರ ದಶಕದ ನಡುವೆ ಕುರಸಾ ಪಟ್ಟಣದ ಸಮೀಪ ಮೂರು ಹಕ್ಕಿಗಳು ಉಳಿದಿದ್ದವು. ಒಂದೆರಡು ವರ್ಷಗಳಲ್ಲಿ ಅವೂ ಬಲೆಗೆ ಬಿದ್ದವೆಂದು ಎಲ್ಲರೂ ತಿಳಿದರು. 1990ರಲ್ಲಿ ಹುಡುಕಲು ಹೋದ ತಂಡಕ್ಕೆ ಮೆಲಾನ್ಸಿಯಾ ಎಂಬ ಹಳ್ಳದ ಬಳಿ ಒಂದೇ ಒಂದು ಹಕ್ಕಿ ಕಂಡಿತು. ಇಡೀ ಜಗತ್ತಿನ ಕಾಡುಗಳಲ್ಲಿ ಆ ಜಾತಿಯ ಕೊನೆಯ ಗಿಳಿ ಅದು.

ಅದು ಒಂಟಿಯಾಗಿರಲಿಲ್ಲ ಎಂಬುದೇ ಸೋಜಿಗ. ಅದರ ಜೊತೆಗೆ ಒಂದು ಹಸಿರು ಹಕ್ಕಿ ಹಾರುತ್ತಿತ್ತು. ಇಲಿಗರ್ ಮಕಾವ್ ಎಂದು ಪುಸ್ತಕಗಳು ಕರೆಯುವ, ಸ್ಥಳೀಯರು ಮರಕನಾ ಎನ್ನುವ ಬೇರೆ ಜಾತಿಯ ಗಿಳಿ ಅದು. (ರಿಯೊ ನಗರದ ಜಗತ್ಪ್ರಸಿದ್ಧ ಫುಟ್‌ಬಾಲ್ ಕ್ರೀಡಾಂಗಣದ ಹೆಸರೂ ಇದೇ, ಹೆಸರು ಗಿಳಿಯಿಂದ ಹೊಳೆಗೆ, ಹೊಳೆಯಿಂದ ಕ್ರೀಡಾಂಗಣಕ್ಕೆ ಬಂದದ್ದು.) ಮರಕನಾ ಗಾತ್ರದಲ್ಲಿ ಚಿಕ್ಕದು, ಹಣೆಯ ಮೇಲೆ ಕೆಂಪು, ಬೇರೆಯದೇ ಕುಲ. ತನ್ನವರೆಲ್ಲ ಇಲ್ಲವಾದ ಮೇಲೆ ಉಳಿದ ನೀಲಿ ಗಿಳಿ ಈ ಹಸಿರು ಹೆಣ್ಣನ್ನು ಆರಿಸಿಕೊಂಡಿತ್ತು. ಸಂಜೆಯ ಹೊತ್ತು ಅದನ್ನು ಅದರ ಪೊಟರೆಯ ತನಕ ಬಿಟ್ಟುಬಂದು, ತಾನು ಹಾರಿಹೋಗಿ ಕಳ್ಳಿಗಿಡದ ಮೇಲೆ ರಾತ್ರಿ ಕಳೆಯುತ್ತಿತ್ತು ಎಂದು ಅದನ್ನು ಹಿಂಬಾಲಿಸಿದವರು ಬರೆದಿದ್ದಾರೆ.

ವಿಜ್ಞಾನಿಗಳಿಗೂ ಸರ್ಕಾರಕ್ಕೂ ಈ ಜೋಡಿ ಒಪ್ಪಿಗೆಯಾಗುವಂತಿರಲಿಲ್ಲ. ಅವರ ಇಕ್ಕಟ್ಟು ನಮಗೆ ಅರ್ಥವಾಗುವಂಥದೇ. ಕುಲ ಮುಂದುವರಿಯಬೇಕಾದರೆ ನೀಲಿ ಗಿಳಿಗೆ ನೀಲಿ ಗಿಳಿಯೇ ಬೇಕು. ಮೊದಲು ಆ ಹಕ್ಕಿ ಗಂಡೋ ಹೆಣ್ಣೋ ಎಂಬುದನ್ನೇ ತಿಳಿಯಬೇಕಾಗಿತ್ತು, ನೋಡಿ ಹೇಳಲು ಬಾರದು. ಉದುರಿದ ಗರಿಗಳಿಂದ ಡಿಎನ್‌ಎ ತೆಗೆದು ಅದು ಗಂಡೆಂದು ನಿರ್ಧರಿಸಿದರು. 1995ರಲ್ಲಿ ನೇಚರ್ ಪತ್ರಿಕೆ ಅದನ್ನು ಪ್ರಕಟಿಸಿತು. ಹೆಣ್ಣನ್ನು ಎಲ್ಲಿಂದ ತರುವುದು? ಬದುಕಿದ್ದ ಇತರ ಸ್ಪಿಕ್ಸ್ ಮಕಾವ್‌ಗಳೆಲ್ಲ ಖಾಸಗಿ ಒಡೆಯರ ಕೈಯಲ್ಲಿ, ಕೆಲವು ಮೃಗಾಲಯಗಳಲ್ಲಿ ಇದ್ದವು. ಫಿಲಿಪ್ಪೀನ್ಸಿನಲ್ಲಿ, ಸ್ವಿಟ್ಜರ್ಲೆಂಡಿನಲ್ಲಿ, ಸ್ಪೇನಿನ ಟೆನೆರಿಫ್ ದ್ವೀಪದಲ್ಲಿ, ಬ್ರೆಜಿಲ್ಲಿನಲ್ಲಿ. ಬ್ರೆಜಿಲ್ ಸರ್ಕಾರ ಇವರನ್ನೆಲ್ಲ ಕೂಡಿಸಿ ಸ್ಥಾಯೀ ಸಮಿತಿಯೊಂದನ್ನು ರಚಿಸಿತು. ಯಾರ ಗಂಡು ಯಾರ ಹೆಣ್ಣಿನ ಬಳಿಗೆ ಹೋಗಬೇಕು ಎಂಬುದೇ ಸಮಿತಿಯ ಮುಖ್ಯ ವಿಷಯ. ಸಮಿತಿಗಳ ನಡಾವಳಿ ಬರೆದು ಅನುಭವವಿರುವ ನನಗೆ ಅಲ್ಲಿನ ಮುಂದಿನ ಕಥೆ ಹೊಸದೆನಿಸಲಿಲ್ಲ. ಹಕ್ಕಿಗಳಿಗೆ ಜೊತೆ ಬೇಕೆಂಬುದನ್ನು ಎಲ್ಲರೂ ಒಪ್ಪಿದರು, ತಮ್ಮ ಹಕ್ಕಿಯನ್ನು ಬಿಟ್ಟುಕೊಡಲು ಹಿಂದೆಮುಂದೆ ನೋಡಿದರು. 2002ರಲ್ಲಿ ಸಮಿತಿಯನ್ನು ಬರಖಾಸ್ತು ಮಾಡಲಾಯಿತು.

ಆದರೂ ಒಂದು ಹೆಣ್ಣು ಸಿಕ್ಕಿತು. ಕಾಡಿನಲ್ಲೇ ಹುಟ್ಟಿ ಸೆರೆಯಾಗಿದ್ದ ಅದನ್ನು ಕುರಸಾಕ್ಕೆ ತಂದು, ದೊಡ್ಡ ಜಾಲರಿಮನೆಯಲ್ಲಿಟ್ಟು, ತಿಂಗಳುಗಟ್ಟಲೆ ಹಾರಾಟವನ್ನೂ ಕಾಡಿನ ಆಹಾರವನ್ನೂ ರೂಢಿಮಾಡಿಸಿ 1995ರ ಮಾರ್ಚಿನಲ್ಲಿ ಹೊರಗೆ ಬಿಟ್ಟರು. ಮೊದಲ ದಿನಗಳು ಆಶಾದಾಯಕವಾಗಿದ್ದವು. ಎರಡು ನೀಲಿ ಗಿಳಿಗಳು ಒಟ್ಟಿಗೆ ಹಾರುವುದನ್ನು ಜನ ಕಂಡರು. ಸುಮಾರು ಏಳು ವಾರಗಳಾದ ಮೇಲೆ ಹೆಣ್ಣು ಕಾಣೆಯಾಯಿತು. ವಿದ್ಯುತ್ ತಂತಿಗೆ ಬಡಿದು ಸತ್ತಿತೆಂಬುದು ಬಹಳ ತಡವಾಗಿ ಗೊತ್ತಾಯಿತು. ಗಂಡು ಮತ್ತೆ ಮರಕನಾದ ಬಳಿಗೆ ಹೋಯಿತು.

ಇಲ್ಲಿಂದ ಮುಂದಿನ ಐದು ವರ್ಷಗಳೇ ನನ್ನ ಮನಸ್ಸನ್ನು ಹೆಚ್ಚು ಹಿಡಿದಿಟ್ಟದ್ದು. ಮನುಷ್ಯರು ಆ ಜೋಡಿಯನ್ನು ಅಗಲಿಸುವ ಯೋಚನೆ ಬಿಟ್ಟು ಅದನ್ನೇ ಆಧಾರ ಮಾಡಿಕೊಳ್ಳಲು ಕಲಿತರು. ಇವು ಇಟ್ಟ ಮೊಟ್ಟೆಗಳಿಂದ ಮರಿಗಳು ಹೊರಬರುತ್ತಿರಲಿಲ್ಲ. ಬೇರೆ ಗೂಡಿನ ಮರಕನಾ ಮರಿಗಳನ್ನು ತಂದು ಇವುಗಳ ಪೊಟರೆಯಲ್ಲಿಟ್ಟು ನೋಡಿದರು. ಜೋಡಿ ಅವನ್ನು ಒಪ್ಪಿಕೊಂಡು ಸಾಕಿ ಹಾರಿಸಿತು. ಮುಂದೊಮ್ಮೆ ನೀಲಿ ಮರಿಗಳನ್ನೂ ಹೀಗೆಯೇ ಸೇರಿಸಬಹುದೆಂಬ ಆಸೆ ಹುಟ್ಟಿತು. ಅದು ನೆರವೇರುವ ಮೊದಲೇ, 2000ದ ಅಕ್ಟೋಬರಿನಲ್ಲಿ, ಗಂಡು ಕೊನೆಯ ಬಾರಿಗೆ ಕಣ್ಣಿಗೆ ಬಿತ್ತು. 2019ರಲ್ಲಿ ಜಾತಿಯು ಕಾಡಿನಿಂದ ಅಳಿದುಹೋಯಿತೆಂದು ಅಂತರರಾಷ್ಟ್ರೀಯ ನಿಸರ್ಗ ಸಂರಕ್ಷಣಾ ಒಕ್ಕೂಟ ವಿಧ್ಯುಕ್ತವಾಗಿ ಸಾರಿತು.

2022ರ ಜೂನ್ ತಿಂಗಳಲ್ಲಿ ಅದೇ ಕುರಸಾದಲ್ಲಿ, ಸೆರೆಯಲ್ಲಿ ಬೆಳೆದ ಎಂಟು ಸ್ಪಿಕ್ಸ್ ಮಕಾವ್‌ಗಳನ್ನು ಬಯಲಿಗೆ ಬಿಟ್ಟರು. ಅವುಗಳ ಜೊತೆಗೆ ಎಂಟು ಮರಕನಾಗಳನ್ನೂ ಬಿಟ್ಟರು. ಯಾವ ಹಳ್ಳದಲ್ಲಿ ನೀರು, ಯಾವ ಗಿಡದಲ್ಲಿ ಕಾಯಿ, ಗಿಡುಗ ಬಂದರೆ ಯಾವ ಕಡೆಗೆ ಹಾರಬೇಕು ಎಂಬುದನ್ನು ಪಂಜರದಲ್ಲಿ ಹುಟ್ಟಿದವಕ್ಕೆ ಕಾಡಿನ ಮರಕನಾಗಳೇ ತೋರಿಸಿಕೊಡಲೆಂಬುದು ಉದ್ದೇಶ. ಮೂವತ್ತೆರಡು ವರ್ಷಗಳ ಹಿಂದೆ ಒಂದು ಒಂಟಿ ಗಿಳಿ ಯಾರನ್ನೂ ಕೇಳದೆ ಮಾಡಿಕೊಂಡಿದ್ದ ಆಯ್ಕೆ ಈಗ ಅಧಿಕೃತ ಯೋಜನೆಯ ಭಾಗವಾಗಿತ್ತು. ಮರುವರ್ಷ ಬಯಲಲ್ಲೇ ಮರಿಗಳೂ ಹುಟ್ಟಿದವು. ಕಥೆ ಅಲ್ಲಿಗೇ ಸುಖಾಂತವಾಗಲಿಲ್ಲ. 2025ರಲ್ಲಿ ಗರಿ ಮತ್ತು ಕೊಕ್ಕುಗಳನ್ನು ಕೆಡಿಸುವ ಸರ್ಕೊ ವೈರಾಣು ಅಲ್ಲಿನ ಹಕ್ಕಿಗಳಲ್ಲಿ ಕಾಣಿಸಿಕೊಂಡು, ಬಿಟ್ಟವನ್ನು ಮತ್ತೆ ಹಿಡಿಯಬೇಕಾಗಿ ಬಂತು. ಈ ವೈರಾಣುವಿನ ಮಾತನ್ನು ಮುಂದೆ ಇನ್ನೊಮ್ಮೆ ಎತ್ತಬೇಕಾಗಿದೆ.

ಇದು ಕಾಡಿನ ಮಾತಾಯಿತು. ಮನೆಯೊಳಗಿನ ಗಿಳಿಗೆ ಬಂದ ಎರಡನೆಯ ಹಕ್ಕಿಯನ್ನು ದಿನದಿನವೂ ಗಮನಿಸಿ ಬರೆದಿಟ್ಟವರು ಕಡಿಮೆ. ಅವರಲ್ಲಿ ಮುಖ್ಯರು ಐರೀನ್ ಪೆಪ್ಪರ್‌ಬರ್ಗ್. ಹಾರ್ವರ್ಡ್‌ನಲ್ಲಿ ರಸಾಯನಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದು, ಆಮೇಲೆ ಗಿಳಿಗಳ ಬುದ್ಧಿಯ ಕಡೆಗೆ ತಿರುಗಿದವರು. 1977ರಲ್ಲಿ ಷಿಕಾಗೊ ಬಳಿಯ ಅಂಗಡಿಯೊಂದಕ್ಕೆ ಹೋಗಿ ಒಂದು ಆಫ್ರಿಕನ್ ಬೂದು ಗಿಳಿಯನ್ನು ಕೊಂಡರು. ಯಾವುದು ಬೇಕೆಂದು ತಾವು ಹೇಳಲೇ ಇಲ್ಲ. ಅಂಗಡಿಯವನೇ ಕೈಗೆ ಸಿಕ್ಕದ್ದನ್ನು ಹಿಡಿದುಕೊಡಲಿ ಎಂದರು. ಬುದ್ಧಿವಂತ ಹಕ್ಕಿಯನ್ನೇ ಹುಡುಕಿ ತಂದರು ಎಂಬ ಆಕ್ಷೇಪಕ್ಕೆ ಎಡೆಯಿರಬಾರದೆಂಬುದು ಕಾರಣ. ಹಾಗೆ ಬಂದ ಅಲೆಕ್ಸ್ ಮುಂದೆ ಬಣ್ಣ, ಆಕಾರ, ಎಣಿಕೆಗಳನ್ನು ಹೇಳಿ ಪ್ರಸಿದ್ಧವಾಯಿತು.

ಅಲೆಕ್ಸ್‌ನ ಮೊದಲ ಜೊತೆ ಹಕ್ಕಿಯಾಗಿರಲಿಲ್ಲ. ಜರ್ಮನಿಯ ಡೀಟ್ಮಾರ್ ಟೋಟ್ ಎಂಬ ವಿಜ್ಞಾನಿ ರೂಪಿಸಿದ್ದ ಕ್ರಮವನ್ನು ಪೆಪ್ಪರ್‌ಬರ್ಗ್ ತಿದ್ದಿ ಬಳಸಿದರು. ಅದರಲ್ಲಿ ಗಿಳಿಯ ಎದುರು ಇಬ್ಬರು ಮನುಷ್ಯರು ಕೂರುತ್ತಾರೆ. ಒಬ್ಬರು ಒಂದು ವಸ್ತುವನ್ನು ತೋರಿಸಿ ಇದೇನು ಎಂದು ಕೇಳುತ್ತಾರೆ. ಇನ್ನೊಬ್ಬರು ಸರಿಯಾಗಿ ಹೇಳಿದರೆ ವಸ್ತು ಅವರ ಕೈ ಸೇರುತ್ತದೆ, ತಪ್ಪಿದರೆ ಬೈಗುಳ. ಆ ಎರಡನೆಯವರು ಗಿಳಿಗೆ ಮಾದರಿಯೂ ಹೌದು, ಅದೇ ವಸ್ತುವಿಗೆ ಪೈಪೋಟಿ ಹೂಡುವವರೂ ಹೌದು. ನಮ್ಮಲ್ಲಿ ಗಿಳಿಪಾಠವೆಂದರೆ ಅರ್ಥವಿಲ್ಲದ ಬಾಯಿಪಾಠ. ಗಿಳಿ ನಿಜವಾಗಿ ಕಲಿಯುವ ಬಗೆ ಅದಲ್ಲವೆಂದು ಪೆಪ್ಪರ್‌ಬರ್ಗ್ ತೋರಿಸಿದರು. ಅಲೋ, ಕ್ಯಾರೊ ಎಂಬ ಎರಡು ಗಿಳಿಗಳು ಆಮೇಲೆ ಪ್ರಯೋಗಾಲಯಕ್ಕೆ ಬಂದವು. ಧ್ವನಿಮುದ್ರಿಕೆ, ವಿಡಿಯೊಗಳನ್ನು ಹಾಕಿಟ್ಟರೆ ಅವು ಕಲಿಯಲೇ ಇಲ್ಲ. ಜೀವಂತ ಜೊತೆಯ ಎದುರಿನಲ್ಲಿ ಕಲಿತವು.

1995ರಲ್ಲಿ ಹುಟ್ಟಿದ ಗ್ರಿಫಿನ್ ಬಂದಾಗ ಅಲೆಕ್ಸ್‌ಗೆ ಹದಿನೆಂಟು ಹತ್ತೊಂಬತ್ತರ ಪ್ರಾಯ. ದೊಡ್ಡ ಗಿಳಿ ಚಿಕ್ಕದಕ್ಕೆ ಗುರುವಾದೀತೆಂದು ನಿರೀಕ್ಷೆಯಿತ್ತು. ಆದದ್ದು ಕೂಡುಕುಟುಂಬದ ಹಿರಿಯಣ್ಣನ ವರ್ತನೆ. ಗ್ರಿಫಿನ್‌ಗೆ ಕೇಳಿದ ಪ್ರಶ್ನೆಗೆ ಅಲೆಕ್ಸ್ ನಡುವೆ ಬಾಯಿ ಹಾಕುತ್ತಿತ್ತು, ಕೆಲವೊಮ್ಮೆ ಬೇಕೆಂದೇ ಎಂಬಂತೆ ತಪ್ಪು ಉತ್ತರ ಕೊಡುತ್ತಿತ್ತು. ಗ್ರಿಫಿನ್‌ನ ಉಚ್ಚಾರ ತೊದಲಿದರೆ, ಸರಿಯಾಗಿ ಹೇಳು ಎಂದು ಇಂಗ್ಲಿಷಿನಲ್ಲಿ ಗದರುತ್ತಿತ್ತು. ಒಮ್ಮೆ ಗ್ರಿಫಿನ್‌ಗೆ ಕಂಪ್ಯೂಟರಿನ ಟಿಕ್ ಸದ್ದುಗಳನ್ನು ಎಣಿಸಲು ಕಲಿಸುತ್ತಿದ್ದರು. ಎರಡು ಟಿಕ್ ಕೇಳಿಸಿದರು, ಗ್ರಿಫಿನ್ ಸುಮ್ಮನಿತ್ತು. ಮತ್ತೆರಡು ಕೇಳಿಸಿದರು. ದೂರದಲ್ಲಿದ್ದ ಅಲೆಕ್ಸ್ ನಾಲ್ಕು ಎಂದಿತು. ಇನ್ನೆರಡು ಕೇಳಿಸಿದಾಗ ಆರು ಎಂದಿತು. ಕೂಡುವುದನ್ನು ಅದಕ್ಕೆ ಯಾರೂ ಕಲಿಸಿರಲಿಲ್ಲ. ಅದರ ಸಂಕಲನವನ್ನು ಪರೀಕ್ಷಿಸುವ ಪ್ರಯೋಗಗಳು ಹುಟ್ಟಿದ್ದು ಇಲ್ಲಿಂದ. ಎರಡನೆಯ ಗಿಳಿ ಬಾರದಿದ್ದರೆ ಮೊದಲನೆಯದಕ್ಕೆ ಏನು ಗೊತ್ತಿತ್ತೆಂಬುದು ಬಹುಶಃ ತಿಳಿಯುತ್ತಲೇ ಇರಲಿಲ್ಲ. ಆದರೆ ಅವೆರಡರ ನಡುವೆ ಸ್ನೇಹ ಬೆಳೆಯಿತೆಂದು ಹೇಳುವುದು ಅತಿಶಯವಾದೀತು. 2007ರ ಸೆಪ್ಟೆಂಬರ್ 6ರಂದು, 31ರ ವಯಸ್ಸಿನಲ್ಲಿ ಅಲೆಕ್ಸ್ ತೀರಿಕೊಂಡಿತು.

ಜೊತೆ ಬೇಕೇ ಬೇಡವೇ ಎಂಬುದಕ್ಕೆ ವಿಜ್ಞಾನದ ಉತ್ತರ ಈಗ ಸಾಕಷ್ಟು ಸ್ಪಷ್ಟವಿದೆ. ಕ್ಯಾಲಿಫೋರ್ನಿಯಾದ ಡೇವಿಸ್‌ನಲ್ಲಿ ಅಮೆಜಾನ್ ಗಿಳಿಮರಿಗಳನ್ನು ಒಂಟಿಯಾಗಿಯೂ ಸಮಲಿಂಗದ ಜೋಡಿಯಾಗಿಯೂ ಬೆಳೆಸಿ 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಂಟಿ ಹಕ್ಕಿಗಳಲ್ಲಿ ಪಂಜರದೊಳಗೆ ಒಂದೇ ದಾರಿಯಲ್ಲಿ ಸುತ್ತುವಂಥ ಗೀಳುಗಳು ಬೆಳೆದವು. ಜೋಡಿಯಲ್ಲಿದ್ದವು ಚಟುವಟಿಕೆಯಿಂದಿದ್ದವು, ಪರಿಚಿತ ಮನುಷ್ಯರ ಮೇಲಿನ ವಿಶ್ವಾಸವನ್ನೂ ಕಳೆದುಕೊಳ್ಳಲಿಲ್ಲ. ಎರಡನೆಯದು ಬಂದರೆ ಮೊದಲನೆಯದು ನಮ್ಮನ್ನು ಮರೆತುಬಿಡುತ್ತದೆ ಎಂಬ ಭಯ ಸಾಕುವವರಲ್ಲಿ ವ್ಯಾಪಕವಾಗಿದೆ. ಅದು ಹೆಚ್ಚಾಗಿ ನಮ್ಮ ಭಯ. 2014ರಲ್ಲಿ 45 ಬೂದು ಗಿಳಿಗಳ ರಕ್ತವನ್ನು ಪರೀಕ್ಷಿಸಿದವರು ಒಂಟಿ ಹಕ್ಕಿಗಳ ವರ್ಣತಂತುಗಳ ತುದಿಗಳು ಹೆಚ್ಚು ಸವೆದಿರುವುದನ್ನು ಕಂಡರು. ವಯಸ್ಸಾಗುವುದರ ಗುರುತು ಅದು. ಯಾವ ಜೊತೆ ಎಂಬ ಪ್ರಶ್ನೆಗೆ ಇವೆರಡೂ ಉತ್ತರ ಕೊಡುವುದಿಲ್ಲ. 2023ರಲ್ಲಿ ಅಮೆರಿಕ ಮತ್ತು ಸ್ಕಾಟ್ಲೆಂಡಿನ ಸಂಶೋಧಕರು 18 ಸಾಕುಗಿಳಿಗಳಿಗೆ ಗಂಟೆ ಬಾರಿಸಿ ವಿಡಿಯೊ ಕರೆಯನ್ನು ಕೇಳಲು ಕಲಿಸಿ, ತೆರೆಯ ಮೇಲಿನ ಚಿತ್ರಗಳಲ್ಲಿ ಯಾರು ಬೇಕೆಂದು ಅವೇ ಆರಿಸುವಂತೆ ಮಾಡಿದರು. ಹಕ್ಕಿಗಳಿಗೆ ಇಂಥವರೇ ಬೇಕೆಂಬ ಒಲವು ಇತ್ತು, ಮತ್ತು ಹೆಚ್ಚು ಕರೆ ಮಾಡಿದವಕ್ಕೇ ಹೆಚ್ಚು ಕರೆಗಳು ಬಂದವು. ಕೇಳುವ ವ್ಯವಸ್ಥೆ ಮಾಡಿದರೆ ಅವು ಹೇಳುತ್ತವೆ ಎಂದಾಯಿತು.

ನಮ್ಮ ದೇಶದಲ್ಲಿ ಈ ಆಯ್ಕೆಗೆ ಕಾನೂನಿನ ಅಂಕೆಯೂ ಇದೆ. ಕೊರಳಪಟ್ಟಿಯ ಹಸಿರು ಗಿಳಿ, ಅಂದರೆ ನಮ್ಮ ಅಜ್ಜಂದಿರ ಮನೆಗಳಲ್ಲಿ ರಾಮ ರಾಮ ಎನ್ನುತ್ತಿದ್ದ ಗಿಳಿ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿದೆ. 2022ರ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಮೇಲೆ ಅದು ಎರಡನೆಯ ಅನುಸೂಚಿಯಲ್ಲಿದೆ. ಅದನ್ನು ಹಿಡಿಯುವುದೂ ಮಾರುವುದೂ ಸಾಕುವುದೂ ಅಪರಾಧ. ದೆಹಲಿಯ ಹಳೆಯ ಗೋರಿಗಳ ಬಿರುಕುಗಳಲ್ಲಿ ಗೂಡುಕಟ್ಟಿ ಸಂಜೆ ಗುಂಪುಗುಂಪಾಗಿ ಕಿರಿಚುತ್ತ ಹಾರುವ ಅವನ್ನು ನೋಡಿದವರಿಗೆ ಈ ನಿಯಮಕ್ಕೆ ಬೇರೆ ಸಮರ್ಥನೆ ಬೇಕಾಗದು. ವಿದೇಶಿ ಗಿಳಿಗಳ ಮಾತು ಬೇರೆ. ಆಫ್ರಿಕನ್ ಬೂದು ಗಿಳಿಯ ಅಂತರರಾಷ್ಟ್ರೀಯ ವ್ಯಾಪಾರಕ್ಕೆ 2017ರ ಜನವರಿಯಿಂದ ಅತ್ಯಂತ ಬಿಗಿಯಾದ ನಿರ್ಬಂಧವಿದೆ. ಇಲ್ಲಿ ಸಾಕುವವರು 2024ರ ನಿಯಮಗಳ ಪ್ರಕಾರ ಅದನ್ನು ಪರಿವೇಶ್ ಜಾಲತಾಣದಲ್ಲಿ ನೋಂದಾಯಿಸಬೇಕು, ಕೈಬದಲಾದರೆ ತಿಳಿಸಬೇಕು. ಬಜ್ರಿಗಾರ್, ಕಾಕಟೀಲ್‌ಗಳು ಆ ಪಟ್ಟಿಯಲ್ಲಿಲ್ಲ. ಕಾಗದಪತ್ರವಿಲ್ಲದ ಹಕ್ಕಿಯನ್ನು ಕನಿಕರದಿಂದ ತಂದರೂ ಅದು ಯಾವ ಬಲೆಯಿಂದ ಬಂತೆಂಬುದು ತಿಳಿಯದು. ಕುರಸಾದ ಮೂರು ಹಕ್ಕಿಗಳು ಹೋದದ್ದೂ ಯಾರದೋ ಪ್ರೀತಿಯ ಪಂಜರಗಳಿಗೇ. ಇಂದು ಆ ಸಂಗ್ರಹಗಳ ಕೊಂಡಿ ನಮ್ಮ ದೇಶದವರೆಗೂ ಚಾಚಿದೆ; 2023ರಲ್ಲಿ ಜರ್ಮನಿಯಿಂದ 26 ಸ್ಪಿಕ್ಸ್ ಮಕಾವ್‌ಗಳು ಗುಜರಾತಿನ ಜಾಮ್‌ನಗರದ ಕೇಂದ್ರವೊಂದಕ್ಕೆ ಬಂದವು, ಬ್ರೆಜಿಲ್ ಅದಕ್ಕೆ ಅಸಮಾಧಾನ ಸೂಚಿಸಿತು.

ನಾನು ಇದನ್ನೆಲ್ಲ ಓದತೊಡಗಿದ್ದು ನಮ್ಮ ಕನ್ನಡ ಬಳಗದ ಹಿರಿಯರೊಬ್ಬರ ನಿಮಿತ್ತ. ಅವರ ಮಗ ಪರದೇಶಕ್ಕೆ ಹೋಗುವಾಗ ಬಿಟ್ಟುಹೋದ ಬೂದು ಗಿಳಿಯೊಂದು ಅವರ ಮನೆಯಲ್ಲಿ ಹನ್ನೊಂದು ವರ್ಷಗಳಿಂದ ಇದೆ. ದೆಹಲಿಯಲ್ಲಿ ಹುಟ್ಟಿದ ನಮ್ಮ ಮಕ್ಕಳಿಗಿಂತ ಅಚ್ಚುಕಟ್ಟಾಗಿ ಅದು "ಊಟ ಆಯ್ತಾ?" ಎಂದು ಕೇಳುತ್ತದೆ. ವರ್ಗವಾಗಿ ಹೋಗುತ್ತಿದ್ದ ಪಂಜಾಬಿ ಕುಟುಂಬವೊಂದು ತಮ್ಮ ಬೂದು ಗಿಳಿಯನ್ನು ಇವರಿಗೆ ದತ್ತು ಕೊಡಲು ಮುಂದೆ ಬಂತು. ನೋಂದಣಿ ಕ್ರಮವಾಗಿತ್ತು. ವಯಸ್ಸು ಹದಿನಾಲ್ಕು. ಗಂಡೋ ಹೆಣ್ಣೋ ತಿಳಿಯದು. "ಅದಕ್ಕೆ ಕನ್ನಡ ಬರೋದಿಲ್ಲವಲ್ಲ" ಎಂಬುದು ಅವರ ಮೊದಲ ಆತಂಕ.

ನಾನು ನಗಲಿಲ್ಲ. ಕ್ರಿಸ್ತಪೂರ್ವ ಐದನೆಯ ಶತಮಾನದ ಕೊನೆಗೆ ಪರ್ಷಿಯಾದ ಆಸ್ಥಾನದಲ್ಲಿ ವೈದ್ಯನಾಗಿದ್ದ ಕ್ಟೀಸಿಯಸ್ ಎಂಬ ಗ್ರೀಕ, ಭಾರತದ ಒಂದು ಹಕ್ಕಿ ತನ್ನ ನಾಡಿನ ಭಾಷೆಯಾಡುತ್ತದೆ, ಕಲಿಸಿದರೆ ಗ್ರೀಕನ್ನೂ ಆಡುತ್ತದೆ ಎಂದು ಬರೆದಿದ್ದಾನೆ. ಇದಕ್ಕೆ ವ್ಯತಿರಿಕ್ತವಾದದ್ದು ಅಲೆಕ್ಸಾಂಡರ್ ಫಾನ್ ಹಂಬೋಲ್ಟ್ ಹೇಳುವ ಸಂಗತಿ. 1800ರಲ್ಲಿ ಒರಿನೊಕೊ ನದಿಯ ಮೈಪುರೆಸ್ ಎಂಬಲ್ಲಿ ಅವನಿಗೆ ಒಂದು ಮುದಿ ಗಿಳಿಯನ್ನು ತೋರಿಸಿದರಂತೆ. ಅದರ ಮಾತು ಯಾರಿಗೂ ತಿಳಿಯುತ್ತಿರಲಿಲ್ಲ, ಅದು ಅಳಿದುಹೋದ ಅತುರೆ ಜನರ ಭಾಷೆಯನ್ನು ಆಡುತ್ತಿತ್ತಂತೆ. ಆ ಗಿಳಿಗೆ ಜೊತೆಯಾಗಬಲ್ಲವರು ಹಕ್ಕಿಗಳಲ್ಲೂ ಇರಲಿಲ್ಲ, ಮನುಷ್ಯರಲ್ಲೂ ಉಳಿದಿರಲಿಲ್ಲ.

ಕೊನೆಗೆ ಅವರು ಒಪ್ಪಿದರು, ಕೆಲವು ಷರತ್ತುಗಳೊಡನೆ. ಹೊಸ ಹಕ್ಕಿಯನ್ನು ಮೊದಲು ಪಶುವೈದ್ಯರಿಗೆ ತೋರಿಸಿ, ಆ ಸರ್ಕೊ ವೈರಾಣುವಿನ ಪರೀಕ್ಷೆಯನ್ನೂ ಮಾಡಿಸಿ, ನಲವತ್ತು ದಿನ ಬೇರೆ ಕೋಣೆಯಲ್ಲಿಡುವುದು. ಅನಂತರ ಎರಡು ಪಂಜರಗಳನ್ನು ಒಂದೇ ಕೋಣೆಯ ಎರಡು ಕೊನೆಗಳಲ್ಲಿಡುವುದು. ಜೊತೆಗೂಡದಿದ್ದರೆ ಜೀವನಪೂರ್ತಿ ಎರಡು ಪಂಜರಗಳನ್ನೂ ನೋಡಿಕೊಳ್ಳುವುದು, ಯಾವುದನ್ನೂ ಹೊರಗೆ ಕಳುಹಿಸದಿರುವುದು. ಅವರಿಗೀಗ 68, ಬೂದು ಗಿಳಿಗಳು ಐವತ್ತು ವರ್ಷ ಬಾಳಬಲ್ಲವು. ಹಾಗಾಗಿ ತಮ್ಮ ನಂತರ ಎರಡನ್ನೂ ಯಾರು ನೋಡಿಕೊಳ್ಳಬೇಕೆಂಬುದನ್ನು ಮಗಳ ಜೊತೆ ಕೂತು ಬರೆದಿಟ್ಟಿದ್ದಾರೆ.

ನಲವತ್ತು ದಿನ ಮುಗಿದು ಎರಡು ತಿಂಗಳಾದವು. ಗೋಡೆಯಾಚೆಯಿಂದಲೇ ಪರಸ್ಪರ ಕೇಳಿಸಿಕೊಂಡಿದ್ದ ಹಕ್ಕಿಗಳು ಈಗ ಎದುರುಬದುರು ಇವೆ. ಒಂದು "ಕೌನ್ ಹೈ?" ಎನ್ನುತ್ತದೆ, ಇನ್ನೊಂದು "ಊಟ ಆಯ್ತಾ?" ಎನ್ನುತ್ತದೆ. ಹಳೆಯದು ಗರಿಗೆದರಿ ಕಣ್ಣರಳಿಸಿದ ದಿನ ಪಂಜರಗಳನ್ನು ಹಿಂದಕ್ಕೆ ಸರಿಸುತ್ತಾರೆ. ಸುಮ್ಮನೆ ಕೂತು ಗರಿ ತಿದ್ದಿಕೊಂಡ ದಿನ ಒಂದು ಗೇಣು ಮುಂದಕ್ಕೆ. ಕಳೆದ ಭಾನುವಾರ ಹೋದಾಗ ನಡುವೆ ಆರು ಅಡಿ ಇತ್ತು.